ಬೆನ್ನಿಗೆ ಬೀಳದ ಖೋ

ಮೀರಾಳ ಅಂಗವಿಕಲ ಪ್ರಮಾಣಪತ್ರ ತೋರಿಸಿ, ಮೀರಾಳ ಹೆಸರಿನ ಮೇಲೆ, ಮನ್ಮಥಪ್ಪ ಮಾಸ್ತರರು ತಮ್ಮ ತಂಗಿಯ ಮಗಳನ್ನು ಖೋ-ಖೋ ತಂಡಕ್ಕೆ ಸೇರಿಸಿದರು. ಆ ಹುಡುಗಿಗೆ ಎರಡೂ ಕಿವಿ ಕೇಳುತ್ತಿದ್ದವು.

ಔರಾದ ತಂಡದ ನಾಯಕಿ ವಜೀರಬೀಗೆ ಇದು ತಿಳಿದದ್ದು ಬೀದರಿನ ಮೈದಾನದಲ್ಲಿ, ಫೈನಲ್‌ಗೆ ಹತ್ತು ನಿಮಿಷ ಇದ್ದಾಗ. ಅಂಗವಿಕಲ ಮಕ್ಕಳೂ ಉಳಿದವರೂ ಕೂಡಿ ಆಡುವ ಪಂದ್ಯ ಅದು. ಫೈನಲ್ ಆಡಿದವರಿಗೆ ಬೇಸಿಗೆ ಮುಗಿಯುವ ತನಕ ಹಾಸ್ಟೆಲಿನಲ್ಲಿ ಊಟ, ವಸತಿ. ಮೂರನೆಯ ವರ್ಷದ ಬರ. ಮೀರಾಳ ಅವ್ವ ಶಾಲುಬಾಯಿ ಹೈದರಾಬಾದಿನ ಇಟ್ಟಂಗಿ ಭಟ್ಟಿಗೆ ಹೊರಡಲು ಗಂಟು ಕಟ್ಟಿ ಕೂತಿದ್ದಳು. ಇವತ್ತು ಆಡಿದರೆ ಮಗಳು ಶಾಲೆಯಲ್ಲಿ ಉಳಿಯುತ್ತಾಳೆ. ಇಲ್ಲವಾದರೆ ನಾಳೆ ಅವ್ವನ ಸಂಗಡ ಲಾರಿ ಹತ್ತುತ್ತಾಳೆ.

ಮೀರಾ ಹುಟ್ಟುಕಿವುಡಿ. ಅವಳ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು: ಖೋ. ಅವಳ ಅಂಗೈಯನ್ನು ತನ್ನ ಗಂಟಲ ಮೇಲೆ ಇಟ್ಟುಕೊಂಡು ವಜೀರಬೀಯೇ ಆರು ತಿಂಗಳು ಕಲಿಸಿದ್ದಳು. ಭಾಲ್ಕಿಯ ಸೆಮಿಫೈನಲ್‌ನಲ್ಲಿ ಅದು ನಾಲ್ಕು ಸಲ ‘ಹೋ’ ಎಂದು ಹೊರಬಿತ್ತು. ನಾಲ್ಕು ಸಲವೂ ಅಂಪೈರ್ ಫೌಲ್ ಊದಿದ. ಆದರೂ ಗೆದ್ದರು.

ಈಗ ಮೀರಾ ಏನೂ ಅರಿಯದೆ ಸಾಲಿನ ನಾಲ್ಕನೆಯ ಚೌಕದಲ್ಲಿ ಕೂತಿದ್ದಳು.

“ಆಕಿಗಿ ಎಬ್ಬಸು,” ಎಂದರು ಮಾಸ್ತರರು. “ಭಾಲ್ಕ್ಯಾಗ ನೋಡಿದಿಲ್ಲ? ಎತ್ತು ನಿಂದರ್ಸೋರಂಗ ಹೋ ಅಂತಾಳ.”

“ನಿಮ್ಮ ತಂಗಿ ಮಗಳಿಗಿ ಕಿವುಡಿ ಅಂತ ಬರಸೀರಿ. ಅಂಪೈರ್ ಮಾತಾಡ್ಸಿದ್ರ ಹ್ಯಾಂಗ್ರಿ?”

“ಬಾಯಿ ಬಿಡಬ್ಯಾಡ ಅಂತ ಹೇಳೇನಿ.”

“ಮತ್ತ ಆಟದಾಗ ಖೋ ಯಾರು ಅಂತಾರ್ರಿ? ನೀವೇನು?”

ಸಾಲಿನಲ್ಲಿ ಕೂತಿದ್ದವರು ಕಿಸಕ್ಕೆಂದರು. ಮಾಸ್ತರರು ನಗಲಿಲ್ಲ.

“ನಿನ್ನ ಹೆಸರೂ ನನ್ನ ಕೈಯಾಗ ಅದ, ವಜೀರಾ. ನಿಮ್ಮಪ್ಪ ಅಯ್ಯುಬ ಪುಣೆಕ್ಕ ಹೊಂಟಾನಂತಲ್ಲ? ನೀನೂ ಹೋಗ್ತಿಯೇನು?”

ವಜೀರಬೀಯ ಅಮ್ಮಿ ಮನೆಯ ಪಾತ್ರೆಗಳನ್ನು ಆಗಲೇ ಗೋಣಿಚೀಲಕ್ಕೆ ತುಂಬಿಟ್ಟಿದ್ದಳು.

ಮಾಸ್ತರರೇ ಮೀರಾಳ ಮುಂದೆ ಹೋಗಿ ನಿಂತು ಏಳು ಎಂದು ಕೈ ಮಾಡಿದರು. ಮೀರಾ ತಲೆ ಅಲ್ಲಾಡಿಸಿದಳು. ಹೆಬ್ಬೆರಳಿನಿಂದ ತನ್ನ ಬೆನ್ನು ತೋರಿಸಿದಳು. ಬೆನ್ನಿಗೆ ಕೈ ಬೀಳುವ ತನಕ ಕೂತವರು ಏಳಬಾರದು. ಮೊದಲ ದಿನವೇ ವಜೀರಬೀ ಅವಳಿಗೆ ಕಲಿಸಿದ ಪಾಠ ಅದು. ಮಾಸ್ತರರು ಮತ್ತೆ ಕೈ ಮಾಡಿದರು. ಮತ್ತೆ ಹೆಬ್ಬೆರಳು ಬೆನ್ನಿಗೆ ಹೋಯಿತು. ಸುತ್ತ ನಿಂತ ಜನ ನೋಡುತ್ತಿದ್ದರು. ರಟ್ಟೆ ಹಿಡಿದು ಎಳೆಯುವಂತಿರಲಿಲ್ಲ. ಸೀಟಿ ಹಿಡಿದ ಅಂಪೈರ್ ಮೈದಾನಕ್ಕೆ ಇಳಿದಿದ್ದ.

“ನಿನ್ನ ಕೈ ಬಿದ್ರೇ ಏಳ್ತಾಳ,” ಮಾಸ್ತರರು ಹಲ್ಲು ಕಚ್ಚಿ ಹೇಳಿದರು. “ಹೋಗು, ಖೋ ಕೊಡು.”

ವಜೀರಬೀ ನಡೆದು ಮೀರಾಳ ಹಿಂದೆ ನಿಂತಳು. ನೆಲದ ಕಂಪನದಲ್ಲೇ ಹೆಜ್ಜೆಯ ಗುರುತು ಸಿಕ್ಕು ಮೀರಾ ತುದಿಗಾಲಿಗೆ ಬಂದಳು. ಅವಳ ಬೆನ್ನು ಬಿಗಿಯಿತು.

ವಜೀರಬೀ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡಳು.

“ಕೊಡಂಗಿಲ್ರಿ, ಸರ್.”