ಕಾಲರಿನ ಒಳಗಿನ ಗುರುತು

ಊರಿಗೆ ಊರೇ ಮೂಗು ಬಾಯಿ ಮುಚ್ಚಿಕೊಂಡು ಓಡಾಡುತ್ತಿದ್ದ ಆ ದಿನಗಳಲ್ಲಿ ಯಾರು ಯಾರೆಂದು ಗುರುತು ಹಿಡಿಯಲು ಎಲ್ಲರೂ ಪರದಾಡುತ್ತಿದ್ದರು, ಇಸ್ತ್ರಿಯಕ್ಕನೊಬ್ಬಳನ್ನು ಬಿಟ್ಟು. ಅವಳಿಗೆ ಮುಖ ಯಾಕೆ ಬೇಕು ಹೇಳಿ? ಇಪ್ಪತ್ತೆರಡು ವರ್ಷ ಊರಿನ ಅರ್ಧ ಜನರ ಬಟ್ಟೆ ಒಗೆದು ಇಸ್ತ್ರಿ ಹಾಕಿದವಳು. ಅಂಗಿ ಕಂಡರೆ ಸಾಕು, ಒಳಗಿರುವ ಆಸಾಮಿ ಯಾರು, ಯಾವ ಜೇಬಲ್ಲಿ ಪೆನ್ನಿಡುತ್ತಾನೆ, ಊಟ ಮಾಡುವಾಗ ಎಷ್ಟು ಚೆಲ್ಲಿಕೊಳ್ಳುತ್ತಾನೆ, ಎಲ್ಲ ಹೇಳಿಬಿಡುತ್ತಿದ್ದಳು. ಬೀದಿಯಲ್ಲಿ ಮಾಸ್ಕ್ ಹಾಕಿಕೊಂಡು ಹೋಗುವವರನ್ನೆಲ್ಲ ಹೆಸರು ಹಿಡಿದು ಕರೆದು ಮಾತಾಡಿಸಿದರೆ ಅವರು ಬೆಚ್ಚಿಬೀಳುತ್ತಿದ್ದರು. ಅವಳಿಗೆ ಅದೊಂದು ಮೋಜು.

ಮೋಜಿಗೆ ಅದೊಂದೇ ಉಳಿದಿತ್ತು ಅನ್ನಿ. ಲಾಂಡ್ರಿಯ ಬಾಗಿಲು ಹಾಕಿ ಮೂರು ತಿಂಗಳಾಗಿತ್ತು. ಬರುವ ಸೋಮವಾರದಿಂದ ತೆರೆಯಬಹುದೆಂದು ಆದೇಶವೇನೋ ಬಂತು, ಆದರೆ ತೆರೆಯಲು ಅಂಗಡಿ ಕೈಯಲ್ಲಿರಬೇಕಲ್ಲ? ಮಳಿಗೆಯ ಮಾಲೀಕ ಫೋನ್ ಮಾಡಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ.

"ನೋಡಮ್ಮಾ, ಮೂರು ತಿಂಗಳ ಬಾಡಿಗೆ ಸೋಮವಾರದೊಳಗೆ ಬರಬೇಕು. ಇಲ್ಲಾಂದ್ರೆ ಔಷಧಿ ಅಂಗಡಿಯವರು ಮುಂಗಡ ಹಿಡ್ಕೊಂಡು ಬಾಗಿಲಲ್ಲೇ ನಿಂತಿದಾರೆ."

"ನಿಂತಿರ್ಲಿ ಬಿಡಿ, ನೆರಳಲ್ಲಿ ನಿಲ್ಲೋಕೆ ಹೇಳಿ," ಎಂದಳು ಇಸ್ತ್ರಿಯಕ್ಕ. "ಸಣ್ಣ ಅಂಗಡಿಗಳಿಗೆ ಸರ್ಕಾರದ ಪರಿಹಾರ ಬರ್ತಿದೆ. ಮಂಜೂರಾದ ಚೀಟಿ ತೋರಿಸಿದ್ರೆ ಕಾಯ್ತೀರಾ?"

ಮಾಲೀಕ ಸ್ವಲ್ಪ ಹೊತ್ತು ಗೊಣಗಿ, "ಚೀಟಿ ತೋರಿಸಿದ್ರೆ ಕಾಯ್ತೀನಪ್ಪ," ಎಂದ.

ಅರ್ಜಿ ಹಾಕಲು ಶುಕ್ರವಾರವೇ ಕಡೆ ದಿನ. ಮಧ್ಯಾಹ್ನ ಒಂದಕ್ಕೆ ಕಚೇರಿಯ ಬಾಗಿಲು ಬಂದ್. ಇಸ್ತ್ರಿಯಕ್ಕ ಬೆಳಗ್ಗೆಯೇ ಹೊರಟು ನಿಂತಾಗ ಒಳಕೋಣೆಯ ಕಿಟಕಿಯಿಂದ ಅತ್ತೆ ಇಣುಕಿದರು. ಗಂಡ ತೀರಿಕೊಂಡು ಒಂಬತ್ತು ವರ್ಷವಾದ ಮೇಲೆ ಆ ಮನೆಯಲ್ಲಿದ್ದದ್ದು ಅವರಿಬ್ಬರೇ. ಅತ್ತೆಗೆ ಉಬ್ಬಸ. ಊರಿಗೆ ಈ ಕಾಯಿಲೆ ಬಂದಾಗಿನಿಂದ ಸೊಸೆ ಹೊರಗೆ ಹೋಗಿ ಬಂದರೆ ಹಿತ್ತಿಲ ನಲ್ಲಿಯಲ್ಲೇ ತಲೆಗೆ ನೀರು ಹಾಕಿಕೊಂಡು, ಉಟ್ಟ ಬಟ್ಟೆ ಸೋಪಿನ ನೀರಲ್ಲಿ ನೆನೆಹಾಕಿ, ಆಮೇಲೆ ಒಳಗೆ ಕಾಲಿಡುತ್ತಿದ್ದಳು. ಅತ್ತೆಯ ಹತ್ತಿರ ಕೂತು ಮಾತಾಡಿ ಮೂರು ತಿಂಗಳಾಗಿತ್ತು. ಮಾತೆಲ್ಲ ಕಿಟಕಿಯಲ್ಲೇ.

"ಪೆನ್ ತಗೊಂಡ್ಯಾ?" ಎಂದರು ಅತ್ತೆ.

"ಅಲ್ಲೇ ಇರುತ್ತೆ ಅತ್ತೆ."

"ಊರವರೆಲ್ಲ ಮುಟ್ಟಿದ ಪೆನ್ನು ನಿನಗ್ಯಾಕೆ? ನಮ್ಮದೇ ಇದೆಯಲ್ಲ, ತಗೊಂಡ್ಹೋಗು."

ನಮ್ಮದು ಅಂದರೆ ಬಟ್ಟೆಗೆ ಗುರುತು ಹಾಕುವ ಪೆನ್ನು. ಎಷ್ಟು ಒಗೆದರೂ ಹೋಗದ ಕಪ್ಪು ಶಾಯಿ ಅದರದ್ದು. ಆ ಲಾಂಡ್ರಿಯಲ್ಲಿ ಬಿಲ್ಲು, ರಸೀದಿ ಅನ್ನುವುದು ಯಾವತ್ತೂ ಇರಲಿಲ್ಲ. ಅತ್ತೆಯ ಕಾಲದಿಂದಲೂ ಒಂದೊಂದು ಮನೆಗೆ ಒಂದೊಂದು ಗುರುತು. ಎರಡು ಚುಕ್ಕೆ, ಒಂದು ಗೆರೆ, ಅರ್ಧ ಚಂದ್ರ, ಹೀಗೆ. ಕಾಲರಿನ ಒಳಮೈಗೆ ಗುರುತು ಹಾಕಿದರೆ ಆ ಬಟ್ಟೆ ಯಾರದೆಂಬ ಲೆಕ್ಕ ಮುಗಿಯಿತು. ಇಷ್ಟು ವರ್ಷದಲ್ಲಿ ಒಬ್ಬರ ಅಂಗಿ ಇನ್ನೊಬ್ಬರ ಮನೆಗೆ ಹೋದದ್ದಿಲ್ಲ. ಇಸ್ತ್ರಿಯಕ್ಕ ಪೆನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು.

ಪರಿಹಾರದ ಕಚೇರಿಯನ್ನು ಶಾಲೆಯ ಸಭಾಂಗಣದಲ್ಲಿ ಇಟ್ಟಿದ್ದರು. ಪರಿಹಾರ, ರೇಷನ್, ಓಡಾಟದ ಪಾಸು, ಎಲ್ಲಕ್ಕೂ ಅದೊಂದೇ ಸಾಲು. ಅಂಗಳದ ತುಂಬ ಆರಡಿಗೊಂದು ಸುಣ್ಣದ ವೃತ್ತ, ವೃತ್ತಕ್ಕೊಬ್ಬರು. ಬಿಸಿಲು ಏರುತ್ತ ಏರುತ್ತ ಅವಳು ವೃತ್ತದಿಂದ ವೃತ್ತಕ್ಕೆ ಜಿಗಿಯುತ್ತ ಬಾಗಿಲು ಮುಟ್ಟುವಾಗ ಹನ್ನೆರಡು ಗಂಟೆ ಹತ್ತು ನಿಮಿಷ. ಗುಮಾಸ್ತ ಪ್ಲಾಸ್ಟಿಕ್ ಪರದೆಯ ಹಿಂದೆ ಮಾಸ್ಕ್ ಹಾಕಿ, ಅದರ ಮೇಲೊಂದು ಮುಖಗವಚ ಹಾಕಿ ಕೂತಿದ್ದ. ಅವನು ಹೇಳಿದ್ದರಲ್ಲಿ ಅರ್ಧ ಮಾತು ಅವನ ಬಾಯಲ್ಲೇ ಉಳಿಯುತ್ತಿತ್ತು.

"ಬಿಲ್ಲು ಎಲ್ಲಿ?"

"ಬಿಲ್ಲು ಇಲ್ಲ ಸ್ವಾಮಿ. ನಮ್ಮದು ಗುರುತಿನ ವ್ಯವಹಾರ."

"ಅಂಗಡಿ ಮೊದಲು ನಡೀತಿತ್ತು ಅನ್ನೋಕೆ ದಾಖಲೆ ಬೇಕಲ್ಲಮ್ಮಾ. ಗುರುತು ಪರಿಚಯ ಅಂತೆಲ್ಲ ಬರ್ಕೊಳ್ಳೋಕಾಗಲ್ಲ."

"ದಾಖಲೆ ಇಲ್ಲದವರು ಏನ್ ಮಾಡ್ಬೇಕು ಅಂತ ನಿಮ್ಮ ಕಾಗದದಲ್ಲೇ ಬರೆದಿರಬೇಕಲ್ಲ, ಸ್ವಲ್ಪ ನೋಡಿ."

ಗುಮಾಸ್ತ ಹಾಳೆ ತಿರುವಿದ. ಇತ್ತು. ಬಿಲ್ಲಿಲ್ಲದವರು ಮೂವರು ಹಳೆಯ ಗಿರಾಕಿಗಳನ್ನು ಕರೆತಂದು ಅವನ ಕಣ್ಣೆದುರೇ ಸಹಿ ಹಾಕಿಸಬೇಕು. ಅವನು ಗಡಿಯಾರ ನೋಡಿ, "ಐವತ್ತು ನಿಮಿಷ ಇದೆ. ಊರಿನ ಅರ್ಧ ಬೀದಿಗಳಿಗೆ ಬೇಲಿ ಹಾಕಿದಾರೆ. ಎಲ್ಲಿಂದ ತರ್ತೀರಾ?" ಎಂದ. ಪಾಪ, ಕುಹಕವಿರಲಿಲ್ಲ ಆ ಮಾತಲ್ಲಿ. ನಿಜಕ್ಕೂ ಮರುಕಪಟ್ಟೇ ಕೇಳಿದ್ದ.

ಇಸ್ತ್ರಿಯಕ್ಕ ಹಿಂದಕ್ಕೆ ತಿರುಗಿ ಸಾಲಿನ ಕಡೆ ನೋಡಿದ್ದೇ ತಡ, ಅವಳಿಗೆ ನಗು ಬಂತು.

"ಮೇಷ್ಟ್ರೇ!" ಎಂದು ಕೂಗಿದಳು. ನಾಲ್ಕನೇ ವೃತ್ತದಲ್ಲಿದ್ದ, ಹೆಲ್ಮೆಟ್ಟೂ ತೆಗೆಯದ ಒಬ್ಬ ವ್ಯಕ್ತಿ ಆ ಕಡೆ ಈ ಕಡೆ ನೋಡಿದ. "ನೀವೇ ಮೇಷ್ಟ್ರೇ, ತಿಳಿನೀಲಿ ಅಂಗಿ. ಎರಡು ಚುಕ್ಕೆ ಒಂದು ಗೆರೆ. ಎಡತೋಳಿನ ಪಟ್ಟೀಲಿ ಯಾವಾಗ್ಲೂ ಸೀಮೆಸುಣ್ಣ."

"ಅಯ್ಯೋ ನಿನ್ನ! ನಿನ್ನೆ ನನ್ನ ಸ್ವಂತ ತಂಗಿ ನನ್ನ ಪಕ್ಕದಲ್ಲೇ ಹೋದ್ಲು, ಗುರುತು ಹಿಡಿಲಿಲ್ಲ. ನಿನಗೆ ಹೇಗೆ ಗೊತ್ತಾಯ್ತು?"

"ನಿಮ್ಮ ತಂಗಿ ನಿಮ್ಮ ಅಂಗಿ ಒಗೆದಿಲ್ಲವಲ್ಲ ಸಾರ್."

ಸಾಲಿನಲ್ಲಿ ನಗೆ ಹರಿದಾಡಿತು. ಮೇಷ್ಟ್ರು ಬಂದು ಪರದೆಯ ಮುಂದೆ ಕತ್ತು ಬಗ್ಗಿಸಿ ಕಾಲರು ತಿರುಗಿಸಿ ತೋರಿಸಿದರು. ಎರಡು ಚುಕ್ಕೆ, ಒಂದು ಗೆರೆ. ಮೇಜಿನ ಮೇಲಿನ ಪೆನ್ನು ಮುಟ್ಟಲು ಅವರು ಹಿಂದೇಟು ಹಾಕಿದಾಗ ಇಸ್ತ್ರಿಯಕ್ಕ ತನ್ನ ಗುರುತಿನ ಪೆನ್ನು ಕೊಟ್ಟಳು. ಸಹಿಯಾದ ಮೇಲೆ ಅದಕ್ಕೆ ಎರಡು ತೊಟ್ಟು ಸ್ಯಾನಿಟೈಸರ್ ಹಾಕಿ ಒರೆಸಿಕೊಂಡಳು.

ಎರಡನೆಯವನು ಬೇಕರಿಯವನು. ಬಿಳಿ ಮೇಲಂಗಿ ತೊಟ್ಟು ಒಂಬತ್ತನೇ ವೃತ್ತದಲ್ಲಿದ್ದ. ಅವನ ಗುರುತು ಅರ್ಧ ಚಂದ್ರ. ಕರೆದ ಕೂಡಲೇ ಬಂದನೇನೋ ಹೌದು, ಸಹಿ ಮಾತ್ರ ಹಾಕಲೊಲ್ಲ.

"ಮೊದಲು ಇದಕ್ಕೆ ಉತ್ತರ ಹೇಳು," ಎಂದು ಮೇಲಂಗಿಯ ಅಂಚು ಎತ್ತಿ ಹಿಡಿದ. ಅಲ್ಲಿ ಇಸ್ತ್ರಿ ಪೆಟ್ಟಿಗೆಯ ಮೂತಿಯಷ್ಟೇ ಅಗಲದ ಕಂದು ಕಲೆ. "ಎರಡು ವರ್ಷದಿಂದ ಕೇಳ್ತಿದೀನಿ. 'ನಿನ್ನ ಒಲೇಲೇ ಸುಟ್ಕೊಂಡಿರ್ತೀಯಾ' ಅಂತ ಸಾಧಿಸ್ತೀಯಲ್ಲ! ನನ್ನ ಒಲೆ ಏನು ತ್ರಿಕೋನಾಕಾರದಲ್ಲಿ ಸುಡುತ್ತಾ?"

ಇಸ್ತ್ರಿಯಕ್ಕ ನಾಲಿಗೆ ಕಚ್ಚಿಕೊಂಡಳು. ಅವತ್ತು ಅತ್ತೆಗೆ ಉಬ್ಬಸ ಜೋರಾಗಿ, ಮನೆಯಿಂದ ಫೋನ್ ಬಂದು, ಪೆಟ್ಟಿಗೆ ಎತ್ತುವುದನ್ನೇ ಮರೆತಿದ್ದಳು. ಆ ಕ್ಷಣಕ್ಕೆ ಬಾಯಿಗೆ ಬಂದ ಸುಳ್ಳು, ಆಮೇಲೆ ಬಿಟ್ಟುಕೊಡಲು ಜಂಬ ಅಡ್ಡ ಬಂತು.

"ನಾನೇ ಸುಟ್ಟಿದ್ದು," ಎಂದಳು.

"ಜೋರಾಗಿ!"

"ನಾನೇ ಸುಟ್ಟಿದ್ದು ಮಾರಾಯಾ! ಸಾಲಿನಲ್ಲಿ ಇರೋರೆಲ್ಲ ಕೇಳಿಸ್ಕೊಳ್ಳಿ, ಇವನ ಒಲೇದೇನೂ ತಪ್ಪಿಲ್ಲ!"

ಬೇಕರಿಯವನು ಗೆದ್ದ ಗತ್ತಿನಲ್ಲಿ ಸಹಿ ಹಾಕಿದ. ಮತ್ತೆ ಎರಡು ತೊಟ್ಟು. ಗುಮಾಸ್ತನೂ ಪರದೆಯ ಹಿಂದೆ ಹೆಗಲು ಕುಣಿಸಿಕೊಂಡು ನಗುತ್ತಿದ್ದ. ಹನ್ನೆರಡೂ ಮುಕ್ಕಾಲು.

ಈಗ ಮೂರನೆಯವರು. ಇಸ್ತ್ರಿಯಕ್ಕ ಸಾಲಿನ ಉದ್ದಕ್ಕೂ ಕಣ್ಣಾಡಿಸಿದಳು. ಉಳಿದವರ ಅಂಗಿಗಳು ಮನೆಯಲ್ಲೇ ಒಗೆದವು, ನೋಡಿದರೇ ತಿಳಿಯುತ್ತಿತ್ತು. ಕಣ್ಣು ಸಾಲಿನ ತುದಿಗೆ ಹೋಗಿ ಅಲ್ಲೇ ನಿಂತುಬಿಟ್ಟಿತು. ಅಲ್ಲೊಬ್ಬನ ಮುಂದೆ ಎರಡು ವೃತ್ತ, ಹಿಂದೆ ಎರಡು ವೃತ್ತ ಖಾಲಿ ಬಿಟ್ಟು ಜನ ನಿಂತಿದ್ದರು. ಕಡುನೀಲಿ ಸಮವಸ್ತ್ರ. ಬ್ಲೀಚಿಂಗ್ ನೀರಿನಲ್ಲಿ ಅದ್ದಿ ಅದ್ದಿ ಅಲ್ಲಲ್ಲಿ ಬಿಳಿಚಿಕೊಂಡಿದೆ. ಆಂಬುಲೆನ್ಸ್ ಡ್ರೈವರಣ್ಣ.

ನೋಡಿದ ಕೂಡಲೇ ಅವಳ ಮುಖದ ನಗು ಆರಿಹೋಯಿತು. ಊರಿಗೆ ಬೀಗ ಬೀಳುವ ಹಿಂದಿನ ವಾರದ ಮಾತು. ಹನ್ನೊಂದು ವರ್ಷದ ಗಿರಾಕಿ ಎಂದಿನಂತೆ ಸಮವಸ್ತ್ರದ ಚೀಲ ಹಿಡಿದು ಬಂದಿದ್ದ. ಅವಳು ಷಟರನ್ನು ಅರ್ಧಕ್ಕೆ ಎಳೆದು, "ಅಂಗಡಿ ಮುಚ್ಚಿದೆ ಅಣ್ಣಾ," ಎಂದುಬಿಟ್ಟಿದ್ದಳು. ಬೆನ್ನ ಹಿಂದೆ ಮೇಜಿನ ಮೇಲೆ ಇಸ್ತ್ರಿಯ ಆವಿ ಬುಸುಗುಡುತ್ತಿತ್ತು. ಅವನು ಆವಿ ನೋಡಿದ, ಅವಳನ್ನು ನೋಡಿದ, ಚೀಲ ಹೆಗಲಿಗೇರಿಸಿಕೊಂಡು ಹೋದ. ಆ ಸಂಜೆ ವಿಷಯ ಕೇಳಿ ಅತ್ತೆ, "ನನ್ನ ಹೆಸರಲ್ಲಿ ಹೆದರ್ಕೋ, ಬೇಡ ಅನ್ನಲ್ಲ. ನನ್ನ ಹೆಸರಲ್ಲಿ ಸುಳ್ಳು ಹೇಳ್ಬೇಡ," ಎಂದು ಎರಡು ದಿನ ಕಿಟಕಿಯನ್ನೇ ತೆರೆದಿರಲಿಲ್ಲ.

ಬೇರೆ ಯಾರಾದರೂ ಸಿಕ್ಕಾರೇನೋ ಎಂದು ಇನ್ನೊಮ್ಮೆ ನೋಡಿದಳು. ಇಲ್ಲ. ಅಂಗಡಿ ಉಳಿಯಬೇಕಾದರೆ ಆ ಕಡೆಗೇ ಹೋಗಬೇಕು. ಸರಿ, ಹೋಗೋದೇ ಅಂತ ಸೆರಗು ಸಿಕ್ಕಿಸಿಕೊಂಡು ನಡೆದಳು. ಅವನ ಮುಂದಿನ ಖಾಲಿ ವೃತ್ತದಲ್ಲಿ ನಿಂತಾಗ ಸಾಲಿನಲ್ಲಿ ಯಾರೋ, "ಅಕ್ಕಾ, ಹುಷಾರು," ಎಂದರು. ಅವಳು ಕ್ಯಾರೇ ಅನ್ನಲಿಲ್ಲ.

"ಅಣ್ಣಾ."

"ಕೇಳಿಸ್ತು," ಎಂದ ಅವನು. "ಬೇಕರಿಯವನ ಪಂಚಾಯ್ತಿ ಇಲ್ಲಿವರೆಗೂ ಕೇಳಿಸ್ತು. ನನ್ನದೂ ಒಂದು ಸಹಿ ಬೇಕಾ?"

"ಸಹಿ ಆಮೇಲೆ. ಅವತ್ತು ಅಂಗಡಿ ಮುಚ್ಚಿರ್ಲಿಲ್ಲ."

"ಗೊತ್ತು. ಹೋಗ್ಲಿ ಬಿಡು. ಎಲ್ಲರೂ ಬಾಗಿಲು ಹಾಕ್ಕೊಂಡ್ರು, ನೀನೊಬ್ಬಳೇನಾ?"

"ಎಲ್ಲರ ಮಾತು ನನಗ್ಯಾಕೆ ಅಣ್ಣಾ? ಹೆದರಿಕೆ ಆಗ್ತಿದೆ, ಮನೇಲಿ ಅತ್ತೆಗೆ ಉಬ್ಬಸ ಅಂತ ನಿಜ ಹೇಳ್ಬಹುದಿತ್ತು. ಬಿಸಿಲಲ್ಲಿ ಮೂರು ದಿನ ನೇತು ಹಾಕಿ ಆಮೇಲೆ ಒಗೀಬಹುದಿತ್ತು. ನಾನು ಸುಳ್ಳು ಹೇಳಿ ಷಟರ್ ಎಳ್ಕೊಂಡೆ. ತಪ್ಪಾಯ್ತು."

ಡ್ರೈವರಣ್ಣ ಅವಳ ಕಡೆ ತಿರುಗಿದ. ಮಾಸ್ಕಿನ ಮೇಲೆ ಕಾಣುತ್ತಿದ್ದ ಕಣ್ಣುಗಳು ಕೆಂಪಾಗಿದ್ದವು, ನಿದ್ದೆಗೆಟ್ಟೋ ಮತ್ತೆ ಇನ್ಯಾಕೋ.

"ದಿನಾ ಗಾಡಿ ಇಳಿದು ಮನೆಗೆ ಹೋದ ಮೇಲೆ ಬಕೆಟ್ಟಲ್ಲಿ ನಾನೇ ಒಗ್ಕೊಂಡೆ," ಎಂದ. "ಒಂದು ದಿನಾನೂ ನೆಟ್ಟಗೆ ಒಗೆಯೋಕೆ ಬರಲಿಲ್ಲ. ಜನ ನನ್ನ ನೋಡಿ ದೂರ ಹೋಗ್ತಿದ್ರಲ್ಲ, ಅದಕ್ಕಿಂತ ಹೆಚ್ಚಾಗಿ ಅವತ್ತಿನ ಆ ಆವಿ ಕಣ್ಣಿಗೆ ಕಟ್ಟಿಬಿಟ್ಟಿತ್ತು ನೋಡು. ನಡಿ, ಸಹಿ ಹಾಕ್ತೀನಿ. ಅಂಗಡಿ ನಡೀತಿತ್ತು ಅನ್ನೋದು ನಿಜ. ನಿಜಕ್ಕೆ ಸಹಿ ಹಾಕೋಕೆ ನಂಗೇನೂ ತೊಂದರೆ ಇಲ್ಲ. ಆದ್ರೆ ಎಲ್ಲ ಸರಿಹೋಯ್ತು ಅಂತ ಮಾತ್ರ ನನ್ನ ಬಾಯಲ್ಲಿ ಇವತ್ತೇ ಹೇಳಿಸ್ಬೇಡ."

"ಹೇಳಿಸಲ್ಲ," ಎಂದಳು.

ಅವನು ಸಭಾಂಗಣದ ಕಡೆ ನಡೆದಂತೆ ಸಾಲು ಎರಡೂ ಕಡೆ ಸರಿಯಿತು. ಗುಮಾಸ್ತ ಕುರ್ಚಿ ಹಿಂದಕ್ಕೆಳೆದುಕೊಂಡ. ಡ್ರೈವರಣ್ಣ ಕಾಲರು ತಿರುಗಿಸಿ ತೋರಿಸಿದ. ಸೊನ್ನೆ, ಸೊನ್ನೆಯೊಳಗೊಂದು ಚುಕ್ಕೆ. ಮೂರು ತಿಂಗಳ ಬ್ಲೀಚಿಂಗಿಗೆ ಬಟ್ಟೆಯ ಬಣ್ಣವೇ ಹೋಗಿತ್ತು, ಗುರುತು ಮಾತ್ರ ಮಸುಕಾದರೂ ಉಳಿದಿತ್ತು. ಗುಮಾಸ್ತ ಮೇಜಿನ ಪೆನ್ನನ್ನು ಮೆಲ್ಲಗೆ ತನ್ನ ಕಡೆ ಸರಿಸಿಕೊಂಡದ್ದನ್ನು ಇಬ್ಬರೂ ನೋಡಿದರು.

ಇಸ್ತ್ರಿಯಕ್ಕ ತನ್ನ ಪೆನ್ನು ಕೊಟ್ಟಳು. ಅವನು ಸಹಿ ಹಾಕಿ ವಾಪಸು ಕೊಟ್ಟ. ಈಗ ಇಡೀ ಸಾಲು ಅವಳ ಕೈಯನ್ನೇ ನೋಡುತ್ತಿತ್ತು. ಅವಳು ಬಾಟಲಿ ತೆಗೆದು ಎರಡೇ ಎರಡು ತೊಟ್ಟು ಹಾಕಿದಳು. ಮೇಷ್ಟ್ರಿಗೂ ಬೇಕರಿಯವನಿಗೂ ಹಾಕಿದಷ್ಟೇ, ಒಂದು ತೊಟ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಡ್ರೈವರಣ್ಣ ಅದನ್ನು ನೋಡಿಕೊಂಡು ತನ್ನ ವೃತ್ತಕ್ಕೆ ಹಿಂದಿರುಗಿದ.

ಒಂದು ಗಂಟೆಗೆ ಐದು ನಿಮಿಷವಿರುವಾಗ ಮಂಜೂರಾತಿ ಚೀಟಿಯ ಮೇಲೆ ಮೊಹರು ಬಿತ್ತು.

ಸೋಮವಾರ ಅಂಗಡಿ ತೆರೆಯಿತು. ಔಷಧಿಯವರು ಬೇರೆ ಕಡೆ ಮಳಿಗೆ ನೋಡಿಕೊಂಡರು. ಇಸ್ತ್ರಿಯಕ್ಕ ಮುಂಬಾಗಿಲಿಗೆ ಹಗ್ಗ ಕಟ್ಟಿ, ಯಾರ ಚೀಲವೇ ಆಗಲಿ ಮೂರು ದಿನ ಬಿಸಿಲಲ್ಲಿ ನೇತಾಡಿದ ಮೇಲೇ ಒಳಗೆ ಎಂದು ಹಲಗೆ ಬರೆದು ಹಾಕಿದಳು. ಮೇಷ್ಟ್ರದು ಬಂತು, ಬೇಕರಿಯವನದು ಬಂತು, ಗುಮಾಸ್ತ ಕೂಡ ಹೊಸದಾಗಿ ನಾಲ್ಕು ಅಂಗಿ ಕಳಿಸಿದ. ಸೊನ್ನೆಯೊಳಗಿನ ಚುಕ್ಕೆ ಮಾತ್ರ ಬರಲಿಲ್ಲ.

"ಬಂತಾ?" ಎಂದು ಅತ್ತೆ ದಿನಾ ಸಂಜೆ ಕಿಟಕಿಯಿಂದ ಕೇಳುತ್ತಿದ್ದರು. ಯಾರದು ಎಂದು ಅವರೂ ಹೇಳುತ್ತಿರಲಿಲ್ಲ, ಇವಳೂ ಕೇಳುತ್ತಿರಲಿಲ್ಲ.

ಗುರುವಾರ ಬೆಳಗ್ಗೆ ಇಸ್ತ್ರಿಯಕ್ಕ ಖಾಲಿ ಚೀಲ ಹಿಡಿದು ಆಂಬುಲೆನ್ಸ್ ನಿಲ್ಲುವ ಜಾಗಕ್ಕೆ ತಾನೇ ಹೋದಳು. ಡ್ರೈವರಣ್ಣ ಗಾಡಿ ತೊಳೆಯುತ್ತಿದ್ದ. ಅವಳು ಚೀಲದ ಬಾಯಿ ಅಗಲಿಸಿ ಹಿಡಿದು ನಿಂತಳು.

"ಮನೆಬಾಗಿಲಿಗೆ ಬಂದು ಒಯ್ಯೋ ಸೇವೆ ಯಾವಾಗಿಂದ?" ಎಂದ.

"ಎಲ್ಲರಿಗೂ ಇಲ್ಲ. ನಿಮಗೊಬ್ಬರಿಗೇ, ಮೂರು ತಿಂಗಳು. ಆಮೇಲೆ ನೀವೇ ಬರಬೇಕು."

ಅವನು ಕೈ ಒರೆಸಿಕೊಂಡು ಚೀಲವನ್ನು ನೋಡಿದ. ಆಮೇಲೆ ಗಾಡಿಯ ಹಿಂದುಗಡೆಯಿಂದ ಎರಡು ಜೊತೆ ಸಮವಸ್ತ್ರ ತಂದು ಒಳಗೆ ಹಾಕಿದ.

ಮೂರು ದಿನ ಬಿಸಿಲಲ್ಲಿ ಒಣಗಿ, ಕುದಿನೀರಲ್ಲಿ ಬೆಂದು, ಆವಿಯಲ್ಲಿ ಮಡಿಕೆ ಕೂತ ಮೇಲೆ ಇಸ್ತ್ರಿಯಕ್ಕ ಅವನ್ನು ಮನೆಗೆ ತಂದು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಅತ್ತೆ ಕನ್ನಡಕ ಏರಿಸಿ ಕಾಲರು ತಿರುಗಿಸಿದರು. ಮಡಿಕೆಯ ಮೇಲೆ ಉಗುರಾಡಿಸಿ ಪರೀಕ್ಷೆ ಮಾಡಿದರು. ತಪ್ಪೇನೂ ಸಿಗಲಿಲ್ಲ. ಆಮೇಲೆ ಸೊಸೆಯ ಕಡೆ ಕೈ ಚಾಚಿದರು.

"ಗುರುತು ಮಾಸಿದೆ ಕಣೇ. ಆ ಪೆನ್ ಇಲ್ಲಿ ಕೊಡು."