ಟ್ಯಾಬಿನ ಬದಿಯ ಗುಂಡಿ

ಗಂಟಲಿನ ಆಪರೇಶನ್ನಿನಲ್ಲಿ ದನಿ ಹೋದ ಮೇಲೆ ಗುರುಪಾದಪ್ಪ ಎರಡು ವರ್ಷ ಪಾಟಿಯ ಮೇಲೆ ಬಳಪದಿಂದ ಬರೆದೇ ಮಾತಾಡಿದರು. ಪಾಟಿಗೆ ಚಾರ್ಜು ಬೇಡ, ನೆಟ್‌ವರ್ಕು ಬೇಡ. ಆದರೆ ಮುಂಬೈ ಬಳಿ ಕಳವಾ ಸ್ಟೇಶನ್ ಹತ್ತಿರದ ಆ ಮನೆಯಲ್ಲಿ ಕನ್ನಡ ಓದಬಲ್ಲವನು ಮಗ ಪ್ರಭುದೇವ ಒಬ್ಬನೇ. ಗುರುಪಾದಪ್ಪನ ಹೆಂಡತಿ ಕಾಶವ್ವನಿಗೆ ಅಕ್ಷರವಿಲ್ಲ, ಮೊಮ್ಮಗಳು ಮಯೂರಿ ಮರಾಠಿ ಶಾಲೆಯಲ್ಲಿ ಕಲಿತವಳು. ಅಪ್ಪ ಏನೇ ಬರೆಯಲಿ, ಮಗ ಓದಿದ್ದೇ ಅಪ್ಪನ ಮಾತು.

ಅದಕ್ಕೇ ಮಯೂರಿ ಮೊದಲ ಸಂಬಳದಲ್ಲಿ ಟ್ಯಾಬ್ ತಂದಳು. ಅಜ್ಜ ಟೈಪು ಮಾಡಿದ್ದನ್ನು ಅದು ಎಲ್ಲರಿಗೂ ಕೇಳುವಂತೆ ಓದುತ್ತಿತ್ತು, ಅದೂ ಹೆಣ್ಣು ದನಿಯಲ್ಲಿ.

“ಈ ವಯಸ್ಸಿನ್ಯಾಗ ನನಗ ಸವತಿ ಬಂದ್ಲು,” ಎಂದು ಕಾಶವ್ವ ಮೂಗು ಮುರಿದಳು.

ಮಯೂರಿ ನವಿ ಮುಂಬೈಗೆ ಡ್ಯೂಟಿಗೆ ಹೋದ ಹೊತ್ತು ನೋಡಿ ಪ್ರಭುದೇವ ಮನೆ ಕೊಳ್ಳುವವನನ್ನು ಕರೆತಂದ. ಹೆಸರು ಕುಶಾಲ್. ಡೊಂಬಿವಲಿಯಲ್ಲಿ ಕನ್ನಡದವರ ನಡುವೆ ಬೆಳೆದವನು, ಕನ್ನಡ ಅರ್ಥವಾಗುತ್ತಿತ್ತು, ಓದಲು ಬಾರದು. ಇದನ್ನು ಮಾರಿ ಅಂಬರನಾಥದಲ್ಲಿ ದೊಡ್ಡ ಫ್ಲ್ಯಾಟ್ ಹಿಡಿಯಬೇಕೆಂಬ ಹಟ ಪ್ರಭುದೇವನದು. ಮನೆ ಮಾತ್ರ ಅಪ್ಪನ ಹೆಸರಿನಲ್ಲಿತ್ತು. ಮೂವತ್ತೆಂಟು ವರ್ಷ ಬಾಳಿದ ಮನೆ. ಗುರುಪಾದಪ್ಪನ ಮೈ ಉರಿಯುತ್ತಿತ್ತು. ನನ್ನನ್ನು ಕೇಳದೆ ಎಲ್ಲಿ ಹೋಗುತ್ತಾನೆ, ಕೇಳಲಿ ಎಂದು ಕಾದರು. ಚಾರ್ಜು ನೋಡುವ ನೆಪದಲ್ಲಿ ಮಗ ಟ್ಯಾಬನ್ನು ಒಮ್ಮೆ ಎತ್ತಿಕೊಂಡು ವಾಪಸು ಕೊಟ್ಟ.

“ಕಾಕಾ, ಆಪ್ ಖುದ್ ಬೋಲೋ,” ಎಂದ ಕುಶಾಲ್. “ನೀವೇ ಹೇಳಿ, ಮನೆ ಕೊಡ್ತೀರಾ?”

ಗುರುಪಾದಪ್ಪ ಟೈಪು ಮಾಡಿ ಒತ್ತಿದರು. ಸದ್ದಿಲ್ಲ. ಮತ್ತೆ ಒತ್ತಿದರು. ಆಗಲೂ ಇಲ್ಲ.

ಪ್ರಭುದೇವ ಪರದೆಯ ಮೇಲೆ ಬಾಗಿದ. “ಕೊಡ್ತೀನಿ ಅಂತ ಬರದಾರ.”

ಗುರುಪಾದಪ್ಪ ಇಲ್ಲವೆಂದು ಜೋರಾಗಿ ತಲೆ ಅಲ್ಲಾಡಿಸಿದರು.

“ಆಪರೇಶನ್ ಆದಾಗಿಂದ ಕತ್ತು ಹಂಗ ಅಲ್ಲಾಡ್ತದ,” ಎಂದ ಮಗ.

ಕುಶಾಲ್ ಚೀಲದಿಂದ ಕಾಗದ ತೆಗೆದ. ದುಡ್ಡು ಕೊಟ್ಟು ತಂದ ಬಾಯಿಯನ್ನೂ ಮಗ ಮುಚ್ಚಿಬಿಟ್ಟಿದ್ದ.

ಕಾಶವ್ವ ಒಲೆಯ ಹತ್ತಿರದಿಂದ ಎದ್ದು ಬಂದಳು. ಆಕೆಗೆ ಓದು ಬಾರದಿದ್ದರೂ ಕಣ್ಣು ಚುರುಕು. ಮಗನ ಹೆಬ್ಬೆರಳು ಎಲ್ಲಿ ಒತ್ತಿತ್ತೆಂದು ನೋಡಿದ್ದಳು. ಅವನು ಒತ್ತಿದ್ದು ಟ್ಯಾಬಿನ ಬದಿಯ ದನಿ ಗುಂಡಿಯ ಕೆಳತುದಿ; ಆಕೆ ಮೇಲ್ತುದಿಯನ್ನು ಒತ್ತಿ ಹಿಡಿದಳು.

“ಈಗ ಮಾತಾಡ, ನಮ್ಮವ್ವ,” ಎಂದಳು ಸವತಿಗೆ.

ಗುರುಪಾದಪ್ಪ ಪರದೆ ಒತ್ತಿದರು.

“ನಾ ಮನಿ ಮಾರಂಗಿಲ್ಲ,” ಎಂದಿತು ಹೆಣ್ಣು ದನಿ, ಓಣಿಗೆಲ್ಲ ಕೇಳುವಷ್ಟು ಜೋರಾಗಿ. ಅವರು ಮತ್ತೊಮ್ಮೆ ಒತ್ತಿದರು, ಇನ್ನೊಮ್ಮೆ ಒತ್ತಿದರು. ಕುಶಾಲ್ ಕಾಗದ ಮಡಚಿ ಎದ್ದು ಹೋದ ಮೇಲೂ ಕಾಶವ್ವ ಗುಂಡಿಯಿಂದ ಬೆರಳು ತೆಗೆಯಲಿಲ್ಲ.