ಎರಡನೆಯ ಓದು

ಬಿಳಿಯ ತಟ್ಟೆಯ ಪುಟ್ಟ ಗುಳಿಗಳಲ್ಲಿ ಸಾಲಾಗಿ ಕೂತ ಕೆಂಪು ಬೊಟ್ಟುಗಳು. ಆ ಪ್ರಯೋಗಾಲಯವೆಂದರೆ ನನಗೆ ಮೊದಲು ನೆನಪಾಗುವುದು ಅವೇ. ಕುಂಕುಮ ಇಟ್ಟ ಹಾಗೆ ಕಾಣುತ್ತಿದ್ದ ಅವು ಕುರಿಯ ರಕ್ತದ ಕಣಗಳು. ಗಂಟಲಮಾರಿ ರೋಗ ಊರಿನ ಹನ್ನೊಂದು ಮಕ್ಕಳನ್ನು ಬಲಿ ತೆಗೆದುಕೊಂಡ ಮೇಲೆ ಶಾಲೆಗಳಲ್ಲೆಲ್ಲ ಲಸಿಕೆ ಹಾಕಿಸಿದ್ದರು. ಅದು ಮಕ್ಕಳ ಮೈಗೆ ಹತ್ತಿತೋ ಇಲ್ಲವೋ ಎಂದು ನೋಡುವುದು ನಮ್ಮ ಕೆಲಸ. ಒಂದು ಮಗುವಿನ ಸೀರಮ್ಮಿಗೆ, ಅಂದರೆ ರಕ್ತದ ತಿಳಿಗೆ, ಒಂದು ಸಾಲು; ಗುಳಿಯಿಂದ ಗುಳಿಗೆ ಅದನ್ನು ತೆಳುವಾಗಿಸುತ್ತ ಹೋಗುತ್ತಿದ್ದೆವು. ರಕ್ಷಣೆ ಇರುವಷ್ಟು ಗುಳಿಗಳಲ್ಲಿ ಕೆಂಪು ಹರಡಿಕೊಳ್ಳುತ್ತಿತ್ತು, ಅದು ಮುಗಿದಲ್ಲಿ ಬೊಟ್ಟು ಕಟ್ಟುತ್ತಿತ್ತು. ಎಷ್ಟನೆಯ ಗುಳಿಯವರೆಗೆ ಹರಡಿದೆ ಎಂದು ಎಣಿಸಬೇಕು. ಮೊದಲ ಗುಳಿಯಲ್ಲೇ ಬೊಟ್ಟು ಕಂಡರೆ ಆ ಮಗುವಿಗೆ ಮತ್ತೆ ಚುಚ್ಚಬೇಕು.

ಇಬ್ಬರು ಬೇರೆಬೇರೆಯಾಗಿ ಎಣಿಸಬೇಕೆಂಬುದು ನಿಯಮ. ಒಬ್ಬರ ಓದನ್ನು ಇನ್ನೊಬ್ಬರು ನೋಡುವಂತಿಲ್ಲ. ಮೊದಲನೆಯ ಓದು ಡಾಕ್ಟರ್ ನೀಲಕಂಠಯ್ಯನವರದು. ಸೋಂಕುರೋಗಗಳ ಬೆನ್ನು ಹತ್ತಿ ಮೂವತ್ತು ವರ್ಷ ಸವೆಸಿದವರು. ರೋಗನಿರೋಧಕ ಶಕ್ತಿಯ ಬಗ್ಗೆ ಅವರು ಬರೆದದ್ದನ್ನು ಓದಿಯೇ ನಾನು ಈ ದಾರಿಗೆ ಬಿದ್ದದ್ದು. ಎರಡನೆಯ ಓದು ಟೆಕ್ನಿಷಿಯನ್ ಎಸ್ತರಮ್ಮನವರದು. ಎರಡನ್ನೂ ಪಟ್ಟಿಗೆ ಏರಿಸುವುದು ಹೊಸದಾಗಿ ಸೇರಿದ ನನ್ನ ಪಾಲಿಗೆ ಬಂದಿತ್ತು.

ನಾನೋ ಹುಟ್ಟಾ ಅನುಮಾನದವಳು. ಹಾಲಿನವನು ಅಳೆದು ಕೊಟ್ಟದ್ದನ್ನು ಒಳಗೆ ತಂದು ಮತ್ತೊಮ್ಮೆ ಅಳೆಯುವ ಪೈಕಿ. ನಾಲ್ಕು ತಿಂಗಳ ಪಟ್ಟಿ ತಿರುವಿ ಹಾಕಿದೆ. ಇಬ್ಬರ ಓದಿನಲ್ಲಿ ಒಂದೇ ಒಂದು ಕಡೆಯೂ ವ್ಯತ್ಯಾಸವಿರಲಿಲ್ಲ. ಬೆಳಿಗ್ಗೆ ಎಣಿಸಿದ್ದನ್ನು ಮಧ್ಯಾಹ್ನ ನಾನೇ ಎಣಿಸಿದರೂ ಎಲ್ಲೋ ಒಂದು ಗುಳಿ ಆಚೀಚೆ ಆಗುತ್ತದೆ. ಇವರದು ಇಷ್ಟು ಕೂಡಿಬರುವುದು ಹೇಗೆ? ಸಾಲದ್ದಕ್ಕೆ ಎಸ್ತರಮ್ಮ ದಿನಾ ಎಲ್ಲರಿಗಿಂತ ಮೊದಲೇ ಬಂದು, ಡಾಕ್ಟರ ಕೋಣೆಯ ಬಾಗಿಲು ಹಾಕಿಕೊಂಡು ಅದೇನೋ ಪಿಸುಗುಟ್ಟುತ್ತಿದ್ದರು. ನಾನು ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಲಸಿಕೆ ಚೆನ್ನಾಗಿ ಹತ್ತಿದೆಯೆಂದು ತೋರಿಸಲು ಇಬ್ಬರೂ ಸೇರಿ ಸುಳ್ಳು ಅಂಕಿ ಬರೆಯುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಹಾಗಿದ್ದರೆ ರಕ್ಷಣೆಯಿಲ್ಲದ ಎಷ್ಟು ಮಕ್ಕಳು ರಕ್ಷಣೆ ಇದೆಯೆಂಬ ಚೀಟಿ ಹಿಡಿದು ಓಡಾಡುತ್ತಿದ್ದಾರೋ! ಚಳಿ ಹಿಡಿದರೆ ರೋಗ ಮತ್ತೆ ತಲೆಯೆತ್ತುತ್ತದೆ. ನನಗೆ ಅನ್ನ ಸೇರದಾಯಿತು.

ಒಂದು ಬೆಳಿಗ್ಗೆ ಎಸ್ತರಮ್ಮ ಎಂದಿನಂತೆ ಡಾಕ್ಟರ ಕೋಣೆಯಲ್ಲಿ ಪಿಸುಗುಟ್ಟಿ ಮುಗಿಸಿ, ಕುರಿಯ ರಕ್ತ ತರಲು ಹೋಗಿದ್ದರು. ಸೀರಮ್ಮನ್ನೇ ಹಾಕದೆ ಬರೀ ಕಣಗಳನ್ನು ಹಾಕಿದ ತಟ್ಟೆಯೊಂದನ್ನು ನಾನು ಹಿಂದಿನ ದಿನವೇ ಮಾಡಿಟ್ಟಿದ್ದೆ. ಗುಳಿಗುಳಿಯಲ್ಲೂ ಬೊಟ್ಟು. ಅಂದು ಓದಬೇಕಿದ್ದ ಮೂರನೆಯ ತಟ್ಟೆಯನ್ನು ಬೀರುವಿಗೆ ಸೇರಿಸಿ, ಅದರ ಜಾಗದಲ್ಲಿ ಇದನ್ನಿಟ್ಟೆ. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು, ಕನ್ನಡಕ ಸರಿಮಾಡಿಕೊಂಡು, ಚೂರೂ ತಡವರಿಸದೆ ಓದಿದರು: "ಮೊದಲನೇ ಸಾಲು ಐದು. ಎರಡನೇದು ಏಳು. ಮೂರನೇದು ಬರೀ ಬೊಟ್ಟು, ಈ ಮಗೂಗೆ ಇನ್ನೊಂದ್ಸಲ ಹಾಕ್ಬೇಕು. ನಾಲ್ಕನೇದು ಆರು." ಹೀಗೇ ಎಂಟೂ ಸಾಲು ಓದಿ ಮುಗಿಸಿದರು.

ಸಿಕ್ಕಿಬಿದ್ದರು ಎಂದು ಒಳಗೊಳಗೇ ಹಿಗ್ಗಿದೆ. ಅವರು ಕಾಫಿಗೆ ಎದ್ದದ್ದೇ ತಡ, ಸುಳ್ಳು ಎಷ್ಟು ದೊಡ್ಡದೆಂದು ನೋಡಲು ಬೀರುವಿನಿಂದ ನಿಜವಾದ ತಟ್ಟೆ ತೆಗೆದು ಎಣಿಸಿದೆ. ಐದು. ಏಳು. ಮೂರನೆಯ ಸಾಲಿನಲ್ಲಿ ಬರೀ ಬೊಟ್ಟು. ಆರು. ಎಂಟು ಸಾಲೂ ಅವರು ಹೇಳಿದ ಹಾಗೆಯೇ ಇದ್ದವು.

ಅಂದರೆ ಕೈಯಲ್ಲಿದ್ದ ತಟ್ಟೆ ಅವರಿಗೆ ಕಂಡೇ ಇರಲಿಲ್ಲ. ಎಸ್ತರಮ್ಮ ಮುಂಚೆಯೇ ಎಣಿಸಿ ಹೇಳಿದ್ದನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರು. ನನಗೆ ನಾಚಿಕೆಯೂ ಸಂಕಟವೂ ಒಟ್ಟಿಗೇ ಆಯಿತು.

ಎಸ್ತರಮ್ಮ ಬಂದ ಮೇಲೆ ಎರಡೂ ತಟ್ಟೆಗಳನ್ನು ಅವರಿಬ್ಬರ ಮುಂದಿಟ್ಟು ನಡೆದದ್ದನ್ನು ಹೇಳಿದೆ. ಎಸ್ತರಮ್ಮ ನಿಜವಾದ ತಟ್ಟೆಯನ್ನು ತನ್ನತ್ತ ಎಳೆದುಕೊಂಡರು.

"ಸಾರ್‌ಗೆ ಸಣ್ಣದೇನೂ ಕಾಣ್ಸಲ್ಲಮ್ಮ. ಗೊತ್ತಾದ್ರೆ ಮನೆಗೆ ಕಳಿಸಿಬಿಡ್ತಾರೆ. ನಾನು ಎಣಿಸಿದ್ರಲ್ಲಿ ಒಂದು ತಪ್ಪಿದ್ರೆ ತೋರ್ಸಿ" ಎಂದರು.

"ತಪ್ಪಿಲ್ಲ ಅನ್ನೋಕೆ ಇನ್ನೊಬ್ರು ನೋಡಿರ್ಬೇಕಲ್ಲ, ಎಸ್ತರ್" ಎಂದರು ಡಾಕ್ಟರು. "ನಾಲ್ಕು ತಿಂಗಳಿಂದ ಯಾರೂ ನೋಡಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ನೀನು ಅನುಮಾನಪಟ್ಟಿದ್ದು ಸರಿ ಕಣಮ್ಮ. ಬರ್ಕೋ."

ತನ್ನ ಹೆಸರಿನ ಓದುಗಳೆಲ್ಲ ತನ್ನವಲ್ಲ, ಅವನ್ನು ಹೊಡೆದುಹಾಕಿ ಉಳಿದಿರುವ ಸೀರಮ್ಮನ್ನು ಮತ್ತೆ ಪರೀಕ್ಷಿಸಬೇಕು, ತಾನು ಕೆಲಸ ಬಿಡುತ್ತಿದ್ದೇನೆ ಎಂದು ನಿರ್ದೇಶಕರಿಗೆ ಕಾಗದ ಬರೆಸಿದರು. ಎಲ್ಲಿ ಸಹಿ ಮಾಡಬೇಕೆಂದು ಕೇಳಿದಾಗ ಅವರ ಬೆರಳು ಹಿಡಿದು ಜಾಗಕ್ಕೆ ಮುಟ್ಟಿಸಿದೆ. ಆ ಬೆರಳು ಹಿಡಿದದ್ದು ನೆನೆದರೆ ನನಗೆ ಇವತ್ತಿಗೂ ಅಳು ಬರುತ್ತದೆ.

ಮುಂದಿನ ವಾರ ಮರುಪರೀಕ್ಷೆ ಶುರುವಾಯಿತು. ಮೊದಲನೆಯ ಓದು ಈಗ ಎಸ್ತರಮ್ಮನವರದು, ಎರಡನೆಯದು ನನ್ನದು. ಅವರು ನನ್ನೊಡನೆ ಮಾತು ಬಿಟ್ಟಿದ್ದರು. ಎಣಿಸಿ ಬರೆದು, ಬರೆದದ್ದರ ಮೇಲೆ ಅಂಗೈ ಮುಚ್ಚಿ, ತಟ್ಟೆಯನ್ನು ನನ್ನತ್ತ ಸರಿಸಿದರು. ಆರನೆಯ ಸಾಲಿನಲ್ಲಿ ನನಗೆ ಮೊದಲ ಗುಳಿಯಲ್ಲೇ ಬೊಟ್ಟು ಕಂಡಿತು. ಹಾಗೆಂದೆ.

ಅವರು ಅಂಗೈ ಎತ್ತಿದರು. ಅಲ್ಲಿ ಎರಡು ಎಂದಿತ್ತು. ಹಳೆಯ ಪಟ್ಟಿಯಲ್ಲೂ ಎರಡು ಎಂದೇ ಇತ್ತು. ತಟ್ಟೆಯನ್ನು ಕಿಟಕಿಯ ಬಳಿಗೆ ಒಯ್ದು ಅವರು ತುಂಬಾ ಹೊತ್ತು ನೋಡಿದರು. ಆಮೇಲೆ ಬಂದು ಕೂತು, ಮತ್ತೆ ಚುಚ್ಚಬೇಕಾದವರ ಹಾಳೆ ಎಳೆದುಕೊಂಡು, ಅಕ್ಷರ ಅಕ್ಷರವಾಗಿ ಬರೆದರು: ರುಕ್ಸಾನಾ, ಎರಡನೆಯ ತರಗತಿ.